ಖಂಡದ ದಾರ

ಕಬ್ಬು ಕಡಿಯುತ್ತ ಬಂದ ಹಾಗೆ ಮೊಲಗಳು ಹೊಲದ ನಡುವಿಗೆ ಸರಿಯುತ್ತ ಹೋಗುತ್ತವೆ. ಕೊನೆಯ ಸಾಲುಗಳಷ್ಟೇ ಉಳಿದಾಗ ದಿಕ್ಕು ಕಾಣದೆ ಹೊರಗೆ ಜಿಗಿದು, ಬಡಿಗೆ ಹಿಡಿದು ನಿಂತವರ ಕಾಲಿಗೇ ಬಂದು ಬೀಳುತ್ತವೆ. ಡ್ಯಾಮಿನ ಕಾಲುವೆ ಹರಿದ ಮೇಲೆ ಕಬ್ಬೂ ಜಾಸ್ತಿ, ಮೊಲವೂ ಜಾಸ್ತಿ. ಕಮಲಾಪುರದ ಅಂಜಿನಯ್ಯ ಹಾಗೆ ಎರಡು ಮೊಲ ಹೊಡೆದು ತಂದದ್ದು ಬಸುರಿ ಹೆಂಡತಿ ವಿರುಪಮ್ಮನಿಗಾಗಿ. ಹೊಗೆ ಹಾಕಿದ ಮೊಲದ ಖಂಡ ತಿನ್ನಬೇಕು ಅನ್ನಿಸುತ್ತದೆ ಅಂತ ಅವಳು ನಾಚಿಕೊಂಡು ಹೇಳಿದ್ದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ?

ಆದರೆ ಅಂಗಳದಲ್ಲಿ ಮೊಲ ಇಸಕೊಂಡವಳು ಅವನ ತಾಯಿ ದುರುಗವ್ವ.

“ಚಲೋ ಆತು ಬಿಡು. ನಮ್ಮ ಪಕೀರಿ ಬಾಣಂತನಕ್ಕ ಬರಾಕಿ ಅದಾಳ. ಆಕಿಗೆ ಭಾಳ ಇಷ್ಟ ಇದು.”

ಪಕೀರಮ್ಮ ಕುರೆಕುಪ್ಪಕ್ಕೆ ಕೊಟ್ಟ ಮಗಳು, ಅವಳೂ ಬಸುರಿ. ಅಂಜಿನಯ್ಯ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಕಾಲು ತೊಳೆಯಲು ಹೋದ. ಆ ಗಂಡಸಿನ ಗಂಡಸುತನ ಅಷ್ಟೇ.

ಕೆಲಸ ಮಾತ್ರ ಪೂರಾ ವಿರುಪಮ್ಮನದು. ತವರಿನಲ್ಲಿ ತಾಯಿ ಇಲ್ಲ, ಹೆರಿಗೆಯೂ ಇಲ್ಲೇ ಆಗಬೇಕು, ಎದುರು ಮಾತಾಡಿ ಎಲ್ಲಿಗೆ ಹೋದಾಳು? ಮೊಲಗಳನ್ನು ಹಿಂಗಾಲು ಕಟ್ಟಿ ಬೇವಿನ ಟೊಂಗೆಗೆ ತೂಗುಹಾಕಿದಳು. ಕಾಲಗಂಟಿನ ಸುತ್ತ ಕೊಯ್ದು, ಕೂಸಿನ ಅಂಗಿ ಕಳಚಿದಂತೆ ಚರ್ಮ ಎಳೆದಳು. ಪಿತ್ತ ಒಡೆಯದಂತೆ ಕರುಳು ತೆಗೆದು, ಎಲುಬು ಬಿಡಿಸಿ, ಬೆರಳುದ್ದಕ್ಕೆ ಖಂಡ ಸೀಳಿ, ಉಪ್ಪು ಅರಿಶಿನ ಬೆಳ್ಳುಳ್ಳಿ ಹಾಕಿ ಅರೆದ ಕೆಂಪುಖಾರ ತಿಕ್ಕಿದಳು. ದಬ್ಬಣದಿಂದ ದಪ್ಪ ದಾರಕ್ಕೆ ಪೋಣಿಸಿ ಒಲೆಯ ಮೇಲಿನ ತೊಲೆಗೆ ಸರ ಕಟ್ಟಿದಳು. ಕೆಳಗೆ ಜಾಲಿಯ ಕೆಂಡ, ಅದರ ಮೇಲೆ ಗಾಣದಿಂದ ತಂದ ಹಸಿ ಕಬ್ಬಿನ ಸಿಪ್ಪೆ. ಉರಿ ಎದ್ದರೆ ಖಂಡ ಹೊರಗೆ ಸುಟ್ಟು ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಹೊಗೆ ನಿಂತರೆ ನೊಣ ಮುತ್ತುತ್ತದೆ. ಹಾಗಾಗಿ ಆ ಹೊಟ್ಟೆ ಹೊತ್ತು ಅವಳು ಹೊಗೆಯಲ್ಲೇ ಕೂತಿದ್ದಳು, ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಬಾಯಲ್ಲಿ ಬಂದ ನೀರು ನುಂಗುತ್ತ.

“ಅತ್ತಿ, ಒಂದ ತುಣುಕು ಕೊಡ್ರಿ. ನನಗ ಬ್ಯಾಡ್ರಿ, ಹೊಟ್ಯಾಗಿನ ಕೂಸಿಗೆ.”

“ನನ್ನ ಮಗಳ ಬಯಕಿ ಮುಂದ ನಿನ್ನದೇನು ದೊಡ್ಡ ಬಯಕಿ? ಸರಕ್ಕ ಕೈ ಹಚ್ಚಿ ನೋಡು, ಅದೇ ದಬ್ಬಣ ಕಾಸಿ ನಾಲಿಗಿಗೆ ಇಡ್ತೀನಿ.”

ಮುದುಕಿ ಬರೀ ಬೆದರಿಸಿ ಸುಮ್ಮನಾಗುವ ಪೈಕಿಯಲ್ಲ. ದಿನಾ ಸಂಜೆ ಸೊಸೆಯನ್ನು ಹೊಸ್ತಿಲಿಗೆ ಕರೆದು, “ಆ ಅನ್ನು” ಎಂದು ಬಾಯಿ ತೆಗೆಸಿ ಮೂಸುತ್ತಿದ್ದಳು. ಓಣಿಯ ಹೆಂಗಸರು ನೋಡಿ ಮುಸಿಮುಸಿ ನಗುತ್ತಿದ್ದರು. ಇಷ್ಟಾದರೂ ವಿರುಪಮ್ಮ ಒಂದು ಚೂರು ತಿನ್ನಲಿಲ್ಲ. ಖಾರ ಹತ್ತಿದ ಬೆರಳನ್ನು ಕೂಡ ನೆಕ್ಕದೆ ಸೀರೆಗೆ ಒರೆಸಿಕೊಂಡಳು.

ಪಕೀರಮ್ಮ ಬಂದಳು. ಕಪ್ಪಗೆ ಗಟ್ಟಿಯಾದ ಖಂಡವನ್ನು ಕೆಂಡದಲ್ಲಿ ಸುಟ್ಟು, ಜಜ್ಜಿ, ಎಣ್ಣೆ ಬಿಟ್ಟು, ಬಿಸಿ ರೊಟ್ಟಿಯ ಮೇಲೆ ಇಟ್ಟುಕೊಟ್ಟವಳೂ ವಿರುಪಮ್ಮನೇ. ಮಗಳು ಹೊಟ್ಟೆ ತುಂಬ ತಿಂದಳು, ಬೇಸರ ಬಂದಾಗ ಉಳಿದದ್ದನ್ನು ನಾಯಿಗೆ ಎಸೆದಳು. ಸರ ಖಾಲಿಯಾದ ದಿನ ದುರುಗವ್ವ ಮಸಿ ಹಿಡಿದ ದಾರವನ್ನು ಬಿಚ್ಚಿ ಸೊಸೆಯ ಮಡಿಲಿಗೆ ಒಗೆದಳು.

“ತಗಾ, ಚೀಪು. ಬಯಕಿ ಬಯಕಿ ಅಂತ ಅಳ್ತಿದ್ದೆಲ್ಲ.”

ತಾಯಿ ಮಗಳು ಇಬ್ಬರೂ ನಕ್ಕರು. ವಿರುಪಮ್ಮ ಕೊಟ್ಟಿಗೆಯ ಹಿಂದೆ ಕೂತು ಆ ದಾರವನ್ನು ಚೀಪಿದಳು. ನಾಚಿಕೆಯಿಂದ ಸಾಯುವಂತಾಗಿದ್ದರೂ ಉಪ್ಪು ಖಾರದ ರುಚಿ ಹೋಗುವ ತನಕ ಬಿಡಲಿಲ್ಲ.

ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹೆತ್ತರು. ದೇವರಿಗೂ ಒಮ್ಮೊಮ್ಮೆ ಕುಚೋದ್ಯ ಮಾಡಬೇಕು ಅನ್ನಿಸುತ್ತದೋ ಏನೋ, ತಿಂದವಳ ಗಂಡು ಕೂಸಿನ ಎರಡೂ ಕಿವಿ ಸೋರತೊಡಗಿದವು. ವಿರುಪಮ್ಮನ ಹೆಣ್ಣು ಕೂಸಿನ ಕಿವಿ ಒಣಗಿ ಚೊಕ್ಕ ಇದ್ದವು. ದುರುಗವ್ವ ಕೋಳಿಗರಿಯಿಂದ ಕೆದಕಿ ಕೆದಕಿ ನೋಡಿದಳು. ಆ ಎಳೆಗೂಸು ಚೀರಿಕೊಂಡಿತೇ ಹೊರತು ಗರಿಗೆ ಒಂದು ಹನಿಯೂ ಹತ್ತಲಿಲ್ಲ. ಮುದುಕಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

“ಕದ್ದು ತಿಂದೀ! ನಿನ್ನ ಬಯಕಿ ತೀರೇತಿ, ಅದಕ್ಕ ಇದರ ಕಿವಿ ಒಣಗ್ಯಾವ. ನನ್ನ ಮಗಳಿಗೆ ನಿನ್ನ ಎಂಜಲ ತಿನ್ನಿಸೀದಿ!”

ಮೊಮ್ಮಗನನ್ನು ಎತ್ತಿ ತಂದು ಸೊಸೆಯ ಮುಂದೆ ಹಿಡಿದಳು. “ಸೋರೋದು ಇದರ ಕಿವಿ. ಇದರ ತಲಿ ಮುಟ್ಟಿ ಆಣಿ ಮಾಡಿ ಹೇಳು. ತಿಂದೀಯೋ, ಇಲ್ಲೋ?”

ಸುಳ್ಳು ಆಣೆ ಮಾಡಿದರೆ ಯಾರ ತಲೆ ಮುಟ್ಟಿರುತ್ತೇವೋ ಅವರಿಗೇ ಕೇಡು. ಅದೂ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ವಿರುಪಮ್ಮನಿಗೂ ಗೊತ್ತು. ತಿಂದಿಲ್ಲ ಎಂಬ ನಿಜ ಬಾಯಿತನಕ ಬಂತು. ಅದರ ಜೊತೆ ಆ ದಾರದ ರುಚಿಯೂ ಬಂತು. ಅವಳು ಕೂಸಿನ ತಲೆಯ ಮೇಲೆ ಅಂಗೈ ಇಟ್ಟಳು. ನೆತ್ತಿ ಮೆತ್ತಗೆ ಮಿಡಿಯುತ್ತಿತ್ತು.

“ತಿಂದೀನ್ರಿ ಅತ್ತಿ. ದಿನಾ ತಿಂದೀನಿ. ತೊಡಿ ಖಂಡ ಪೂರಾ ನಾನೇ ತಿಂದೀನಿ.”

ಬಿದ್ದ ಏಟಿಗೆ ತುಟಿ ಒಡೆಯಿತು. ಆದರೂ ಅವಳು ಕೈ ತೆಗೆಯಲಿಲ್ಲ. ಆ ಹಸುಗೂಸು ಏನು ಪಾಪ ಮಾಡಿತ್ತು ಎಂದು ನೀವು ಕೇಳಬಹುದು, ವಿರುಪಮ್ಮ ಕೇಳಿಕೊಳ್ಳಲಿಲ್ಲ. ಬಸುರಾದಾಗಿನಿಂದ ಮೊದಲ ಸಲ ಅವಳ ಹೊಟ್ಟೆ ತುಂಬಿತ್ತು.