ಹಗ್ಗ ಹಿಡಿದು ಬಂದವರು

ಕುರಿ ಸಾಕುವವರಲ್ಲಿ ಒಂದು ಪದ್ಧತಿಯಿತ್ತು. ರೋಗ ಬಂದು ಯಾರದಾದರೂ ಕುರಿರೊಪ್ಪ ಬರಿದಾದರೆ ಅವನು ಹಗ್ಗ ಹಿಡಿದು ನೆಂಟರ ರೊಪ್ಪಗಳಿಗೆ ಹೋಗುತ್ತಿದ್ದ. ಬಾಯಿಬಿಟ್ಟು ಕೇಳಬೇಕಿರಲಿಲ್ಲ, ಹಗ್ಗ ಕಂಡರೆ ಸಾಕು, ಒಂದು ಹೆಣ್ಣುಮರಿ ಕಟ್ಟಿ ಕೊಡುತ್ತಿದ್ದರು. ನೆಂಟರ ಕುರಿಗಳು ದೂರದೂರದ ಊರುಗಳಲ್ಲೇ ಇರಲಿ ಎಂದು ಹಿರಿಯರು ಹೇಳುತ್ತಿದ್ದುದೂ ಅದಕ್ಕೇ. ಸಾವು ಬಂದರೆ ಒಂದು ಮನೆಯಲ್ಲಿ ಉಂಡು ಹೋಗಲಿ, ಎಲ್ಲರ ಮನೆಯಲ್ಲೂ ಬೇಡ.

ಜರ್ಮನಿಯ ಯುದ್ಧ ಶುರುವಾದ ಮರುವರ್ಷ ಇದು ಕೆಟ್ಟಿತು. ಚಳ್ಳಕೆರೆಯ ಕಂಬಳಿ ಸಾಹುಕಾರ ಜಂಪಣ್ಣ ದಂಡಿನವರಿಗೆ ಕಂಬಳಿ ಒದಗಿಸುವ ಗುತ್ತಿಗೆ ಹಿಡಿದಿದ್ದ. ಎಲ್ಲರೂ ಕುರಿಗಳನ್ನು ತನ್ನ ಬಯಲಿಗೇ ಹೊಡೆದುಕೊಂಡು ಬಂದರೆ ಉಣ್ಣೆಗೆ ಎರಡರಷ್ಟು ಬೆಲೆ ಎಂದ. ಕುದಾಪುರದ ಜುಂಜಪ್ಪ ಹಿಗ್ಗಿ ಹೀರೇಕಾಯಿಯಾದ. ಮೊಳಕಾಲ್ಮೂರಿನ ಕಡೆ ಕೊಟ್ಟಿದ್ದ ಅಕ್ಕ ನಾಗಕ್ಕನ ಮನೆಗೂ ಓಡಿದ.

“ಎಲ್ಲಾ ಒಂದೇ ಕಡೆ ಕೂಡ್ಬಾರ್ದು ಅಂತ ಅಪ್ಪ ಹೇಳ್ತಿರ್ಲಿಲ್ವೇನೋ?” ಎಂದಳು ನಾಗಕ್ಕ.

“ನಷ್ಟ ಆದ್ರೆ ಸಾವ್ಕಾರ್ರು ತಡ್ಕಂತಾರೆ ಕಣಕ್ಕಾ. ಅವರ ಅಂಗಡಿ ನೋಡಿದೀಯಾ? ಆನೆ ಇದ್ದಂಗೈತೆ, ಆನೆ!”

ಆನೆಯಂತೆ! ನೆಂಟರೆಲ್ಲರ ಮಂದೆಗಳೂ ಆ ಬಯಲು ಸೇರಿದವು. ಉಣ್ಣೆ ಕತ್ತರಿಸುವ ಮೊದಲೇ ಕುರಿಗಳಿಗೆ ಸಿಡುಬು ಬಿತ್ತು. ಒಂದೇ ಬಯಲು, ಒಂದೇ ನೀರು, ಒಂದಕ್ಕೊಂದು ಒತ್ತಿಕೊಂಡು ಮಲಗುವ ಪ್ರಾಣಿ. ಯಾರದೂ ಉಳಿಯಲಿಲ್ಲ. ಗುತ್ತಿಗೆ ತಪ್ಪಿದ ಜಂಪಣ್ಣ ಅಂಗಡಿಗೆ ಬೀಗ ಜಡಿದು ಬಳ್ಳಾರಿ ಕಡೆಗೆ ಓಡಿಹೋದ. ತಡೆದುಕೊಳ್ಳುವ ತಾಕತ್ತು ಅವನಿಗೂ ಇರಲಿಲ್ಲ, ಬಾಯಿ ಮಾತ್ರ ಇತ್ತು.

ಜುಂಜಪ್ಪ ಗೋಳಾಡಿ ಅತ್ತ. ಆಮೇಲೆ ಒಂದು ಆಸೆ ಹುಟ್ಟಿತು. ನೆಂಟರೆಲ್ಲರ ಕುರಿಗಳೂ ಅದೇ ಬಯಲಲ್ಲಿ ಸತ್ತಿದ್ದವು, ನಿಜ. ಆದರೆ ಅಕ್ಕ ಮೊದಲೇ ಅನುಮಾನದವಳು. ಒಂದೆರಡನ್ನಾದರೂ ಮನೆಯಲ್ಲೇ ಉಳಿಸಿಕೊಂಡಿರುತ್ತಾಳೆ. ಒಂದು ಹೆಣ್ಣುಮರಿ ಸಿಕ್ಕರೂ ಮತ್ತೆ ಮಂದೆ ಕಟ್ಟಬಹುದು. ಸಿಗದಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೋಲಾರದ ಗಣಿಗೆ ಕೂಲಿ ಹೋಗುವುದೊಂದೇ ದಾರಿ. ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟ.

ಅರ್ಧ ದಾರಿಯ ಹುಣಿಸೆ ಮರದ ಹತ್ತಿರ ಎದುರಿಗೆ ನಾಗಕ್ಕನೇ ಬರುತ್ತಿದ್ದಳು. ಜುಂಜಪ್ಪನಿಗೆ ಹೋದ ಜೀವ ಬಂದಂತಾಯಿತು.

“ಅಕ್ಕಾ, ನಿನ್ನ ಹತ್ರಕ್ಕೇ ಹೊಂಟಿದ್ದೆ.”

ಅವಳು ಅವನ ಹೆಗಲಿನ ಹಗ್ಗವನ್ನು ನೋಡಿ ಅಲ್ಲೇ ನಿಂತಳು. ಆಗ ಅವನಿಗೂ ಅವಳ ಕೈ ಕಾಣಿಸಿತು. ಅದರಲ್ಲೂ ಹಗ್ಗವಿತ್ತು.

“ಅಷ್ಟು ಧೈರ್ಯ ಹೇಳ್ದೋನು, ಎಲ್ಲೋ ನಾಲ್ಕು ಕುರಿ ಬೇರೆ ಇಟ್ಟಿರ್ತೀಯ ಅಂದ್ಕಂಡೆ,” ಎಂದಳು.

“ನೀನು?”

“ನಿನ್ನ ಮಾತು ನಂಬಿ ಒಂದೂ ಉಳಿಸ್ಕಳ್ಳಿಲ್ಲ ಕಣೋ, ತಮ್ಮಾ.”