ಅಕ್ಕನ ಶತ್ರುಗಳಿಗೆ ಊಟ

ಸಂಜೆ ಕೆಲಸ ಮುಗಿಸಿ ಅಕ್ಕನ ಮನೆಗೆ ಹೋದರೆ ಅವಳು ಮಲಗಿದಲ್ಲಿಂದಲೇ ಕೇಳುತ್ತಿದ್ದಳು, “ಏನೇ, ನನ್ನ ಶತ್ರುಗಳಿಗೆಲ್ಲ ಊಟ ಹಾಕಿ ಬಂದ್ಯಾ?”

ಹಾಕಿಯೇ ಬಂದಿರುತ್ತಿದ್ದೆ. ನನ್ನ ಕೆಲಸವೇ ಅದು. ರೋಗಿಯ ರಕ್ತದಿಂದ ರೋಗನಿರೋಧಕ ಕೋಶಗಳನ್ನು ತೆಗೆದು, ಕ್ಯಾನ್ಸರನ್ನು ಗುರುತು ಹಿಡಿದು ಕೊಲ್ಲುವಂತೆ ಮಾರ್ಪಡಿಸಿ, ಅದೇ ರೋಗಿಗೆ ವಾಪಸು ಕೊಡುವ ಚಿಕಿತ್ಸೆಯೊಂದಿದೆ. ಕೊಡುವ ಮುಂಚೆ ಅವು ನಿಜಕ್ಕೂ ಕೊಲ್ಲುತ್ತವೆಯೇ ಎಂದು ನಮ್ಮ ಲ್ಯಾಬಿನಲ್ಲಿ ನೋಡುತ್ತೇವೆ. ನೋಡಬೇಕಾದರೆ ಸಾಯುವುದಕ್ಕೂ ಯಾರಾದರೂ ಬೇಕಲ್ಲ. ಆ ಕ್ಯಾನ್ಸರ್ ಕೋಶಗಳನ್ನು ಸಾಕುವವಳು ನಾನು. ಬೆಚ್ಚಗಿನ ಪೆಟ್ಟಿಗೆಯೊಳಗೆ, ಪ್ಲಾಸ್ಟಿಕ್ ಸೀಸೆಗಳ ತಳಕ್ಕೆ ಅಂಟಿಕೊಂಡು ಅವು ಬೆಳೆಯುತ್ತವೆ. ಹಳೆಯ ದ್ರವ ತೆಗೆದು ಹೊಸದು ಹಾಕುವುದು, ಸೂಕ್ಷ್ಮದರ್ಶಕದಲ್ಲಿ ಯೋಗಕ್ಷೇಮ ವಿಚಾರಿಸುವುದು, ಇಷ್ಟೇ.

ಅಕ್ಕನಿಗೆ ಪಿತ್ತಕೋಶದ ಕ್ಯಾನ್ಸರ್. ಅವಳ ಕೋಶಗಳು ಪರೀಕ್ಷೆಗೆ ನಮ್ಮಲ್ಲಿಗೇ ಬರುತ್ತವೆ ಎಂದು ತಿಳಿದ ದಿನವೇ ಲ್ಯಾಬಿನ ಮುಖ್ಯಸ್ಥೆ ದೊಡ್ಡ ಮೇಡಂಗೆ ಹೇಳಿದ್ದೆ. “ಪರೀಕ್ಷೆಗೆ ನೀನು ಕೈ ಹಾಕಬೇಡ. ನಿನ್ನ ಸೀಸೆಗಳನ್ನ ನೋಡ್ಕೋ ಸಾಕು,” ಎಂದಿದ್ದರು. ಪರೀಕ್ಷೆ ಸಹೋದ್ಯೋಗಿಯ ಪಾಲಿಗೆ ಹೋಯಿತು. ಎಲ್ಲದಕ್ಕೂ ‘ನಡಿಯುತ್ತೆ ಬಿಡಿ’ ಎನ್ನುವ ಅವನಿಗೆ ನಾವಿಟ್ಟ ಹೆಸರೂ ‘ನಡಿಯುತ್ತೆ’ ಎಂದೇ.

ಪರೀಕ್ಷೆ ನಡೆದ ಸೋಮವಾರ ಅಕ್ಕನನ್ನು ಸ್ಕ್ಯಾನಿಂಗಿಗೆ ಕರೆದೊಯ್ಯಲು ರಜೆ ಹಾಕಿದ್ದೆ. ಮಾರನೆಯ ದಿನ ಹೋದಾಗ ಫಲಿತಾಂಶ ಬಂದಿತ್ತು. ಅಕ್ಕನ ಕೋಶಗಳು ಪಾಸು. ಬರೀ ಪಾಸಲ್ಲ, ಈ ವರ್ಷ ಯಾರ ಕೋಶಗಳೂ ಅಷ್ಟು ಚೆನ್ನಾಗಿ ಕೊಂದಿರಲಿಲ್ಲ. ಕಣ್ಣು ತುಂಬಿ ಬಂತು. ಸೀಸೆಗಳಿಗೆ ಊಟ ಹಾಕಲು ಪೆಟ್ಟಿಗೆ ತೆರೆದೆ. ಗುಲಾಬಿಯಾಗಿರಬೇಕಾದ ದ್ರವ ನೇರಳೆಗೆ ತಿರುಗಿತ್ತು. ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅಂಟಿಕೊಂಡಿರಬೇಕಾದವು ಗೋಲಿಗಳಂತೆ ದುಂಡಗಾಗಿ ತೇಲುತ್ತಿದ್ದವು.

“ಗ್ಯಾಸ್ ಸಿಲಿಂಡರ್ ಖಾಲಿಯಾಗಿತ್ತಾ?” ನಡಿಯುತ್ತೆಯನ್ನು ಕೇಳಿದೆ. ಪೆಟ್ಟಿಗೆಗೆ ಹರಿಯುವ ಆ ಗ್ಯಾಸ್ ಇಲ್ಲದಿದ್ದರೆ ಕೋಶಗಳು ಕೆಡುತ್ತವೆ.

“ಹೂಂ, ಶನಿವಾರ-ಭಾನುವಾರದ ರಜೆಯಲ್ಲಿ ಯಾವಾಗಲೋ. ನಿನ್ನೆ ಬಂದ ತಕ್ಷಣ ಬದಲಾಯಿಸ್ದೆ.”

“ಪರೀಕ್ಷೆಗೆ ಈ ಸೀಸೆಯಿಂದಲೇ ತಗೊಂಡ್ರಾ?”

“ಮತ್ತೆ ಇನ್ನೆಲ್ಲಿಂದ ತರಲಿ, ನಮ್ಮನೆಯಿಂದಲಾ? ಹೋಲಿಕೆಗೆ ಅಂತ ಬರೀ ಕ್ಯಾನ್ಸರ್ ಕೋಶ ಇಟ್ಟಿದ್ದ ತಟ್ಟೆಯ ಗುಳಿನೂ ನೋಡಿದೀನಿ. ತಾವಾಗೇ ಸತ್ತವು ಮಿತಿಯೊಳಗೇ ಇವೆ.”

“ಅಂಚಿನಲ್ಲಿವೆ.”

“ಅಂಚಿನ ಒಳಗಿವೆ ತಾನೇ? ನಿಮ್ಮ ಅಕ್ಕಂದೇ ಅಲ್ವಾ ಇದು? ಸುಮ್ನೆ ಖುಷಿಪಡಿ ತಾಯಿ!”

ಅರೆಜೀವ ಆದವರನ್ನು ಯಾರು ಬೇಕಾದರೂ ಕೊಲ್ಲಬಹುದು. ಅಕ್ಕನ ಮೈಯೊಳಗಿನ ಕ್ಯಾನ್ಸರ್ ಕೋಶಗಳು ಅರೆಜೀವವಾಗಿರಲಿಲ್ಲ. ಕೋಶ ಕೊಡುವ ಮುಂಚೆ ಕಟುವಾದ ಔಷಧಿ ಕೊಟ್ಟು ಅವಳ ಮೈಯಲ್ಲಿ ಉಳಿದ ರೋಗನಿರೋಧಕ ಶಕ್ತಿಯನ್ನೆಲ್ಲ ಅಳಿಸುತ್ತಾರೆ. ಆಮೇಲೆ ಕೊಟ್ಟದ್ದು ಕೈಲಾಗದ ಕೋಶವಾಗಿದ್ದರೆ ಒಂದು ನೆಗಡಿಯೂ ಅವಳನ್ನು ಮುಗಿಸಬಹುದು.

ಪರೀಕ್ಷೆಯನ್ನು ಮತ್ತೆ ಮಾಡಿಸಬಹುದಿತ್ತು. ಆದರೆ ಅಕ್ಕನ ಕೋಶಗಳು ಬೆಳೆದದ್ದೇ ಕಡಿಮೆ. ಪರೀಕ್ಷೆಗೆಂದು ಎತ್ತಿಟ್ಟದ್ದು ಮುಗಿದಿತ್ತು. ಉಳಿದದ್ದು ಹೆಪ್ಪುಗಟ್ಟಿಸಿದ ಎರಡು ಚೀಲ. ಎರಡೂ ಸೇರಿದರೆ ಒಂದು ಚಿಕಿತ್ಸೆ. ಒಂದನ್ನು ಪರೀಕ್ಷೆಗೆ ಕರಗಿಸಿದರೆ ಅದನ್ನು ಮತ್ತೆ ಇಡಲು ಬರುವುದಿಲ್ಲ, ಇನ್ನೊಂದೇ ಸಾಲುವುದಿಲ್ಲ.

ಆ ಸಂಜೆ ಅಕ್ಕ ಆಸ್ಪತ್ರೆಗೆ ಬ್ಯಾಗು ತುಂಬುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಬಂದದ್ದನ್ನು ನೋಡಿ ಭಾವ ನಕ್ಕರು. “ನೋಡೇ, ನಿನ್ನ ತಂಗಿ ನಮ್ಮನೆ ಒಲೆ ಆರಿದೆಯಾ ಅಂತನೂ ನೋಡ್ಕೊಂಡು ಬಂದ್ಳು.”

“ಅದು ಹುಟ್ಟುಗುಣ. ಚಿಕ್ಕವಳಿದ್ದಾಗ ನಾನು ನಿದ್ದೆ ಮಾಡ್ತಿದ್ರೆ ಮೂಗಿನ ಹತ್ರ ಬೆರಳಿಟ್ಟು ಉಸಿರು ನೋಡ್ತಿದ್ಳು,” ಎಂದು ಅಕ್ಕ ಸ್ವೆಟರ್ ಮಡಿಸಿದಳು. “ಪಾಸಂತೆ ಕಣೇ! ಡಾಕ್ಟರ್ ಫೋನ್ ಮಾಡಿದ್ರು. ನೀನ್ಯಾಕೆ ಹೀಗೆ ಮುಖ ಮಾಡ್ಕೊಂಡಿದೀಯ?”

“ಸುಸ್ತು,” ಎಂದೆ.

ಮಾರನೆಯ ಬೆಳಿಗ್ಗೆ ದೊಡ್ಡ ಮೇಡಂ ಮುಂದೆ ಸೀಸೆ ಇಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀನು ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ. ಹೇಳಿದ ಮೇಲೆ ಗೊತ್ತಿಲ್ಲ ಅನ್ನೋಕಾಗಲ್ಲ. ತಿಳಿದೇ ಹೇಳ್ತಿದೀಯ ತಾನೇ?”

“ತಿಳಿದೇ ಮೇಡಂ.”

ಡಾಕ್ಟರೊಂದಿಗೆ ಮಾತಾಡಿ ಅವರು ಒಂದು ಚೀಲ ಕರಗಿಸಲು ಹೇಳಿದರು. ನಾನು ಹೊಸದಾಗಿ ಸಾಕಿದ ಕ್ಯಾನ್ಸರ್ ಕೋಶಗಳು ಸೊಗಸಾಗಿದ್ದವು, ಸೀಸೆಯ ತಳದಲ್ಲಿ ಕಾಲು ಚಾಚಿ ಕೂತಿದ್ದವು. ಕೈಕಟ್ಟಿ ನಿಂತು ಸೂಕ್ಷ್ಮದರ್ಶಕದ ಪರದೆ ನೋಡಿದೆ. ಅಕ್ಕನ ಪುಟ್ಟ ಕೋಶಗಳು ಒಂದೊಂದಾಗಿ ಬಂದು ಅಂಟಿಕೊಂಡವು. ದೊಡ್ಡವು ನಡುಗಿದವು, ಊದಿದವು, ಒಡೆದವು. ಒಂದಾದ ಮೇಲೆ ಒಂದು. ಮೊದಲ ಪರೀಕ್ಷೆ ಹೇಳಿದ್ದು ಸುಳ್ಳಾಗಿರಲಿಲ್ಲ. ಅವು ನಿಜಕ್ಕೂ ಒಳ್ಳೆಯವು.

ನಡಿಯುತ್ತೆ ನನ್ನ ಪಕ್ಕದಲ್ಲಿ ನಿಂತಿದ್ದ.

ಉಳಿದ ಒಂದೇ ಚೀಲ ಸಾಲದೆಂದು ಡಾಕ್ಟರ್ ಅಕ್ಕನ ರಕ್ತ ಮತ್ತೆ ತೆಗೆಸಿದರು. ಅಷ್ಟು ಔಷಧಿ ಕುಡಿದ ಮೈ, ಬಂದ ಕೋಶಗಳು ಬೆಳೆಯಲೇ ಇಲ್ಲ. ಅಷ್ಟರಲ್ಲಿ ಕಾಯಿಲೆ ಪಿತ್ತಕೋಶ ದಾಟಿ ಯಕೃತ್ತಿಗೆ ಹರಡಿತ್ತು. ಇನ್ನು ನೋವಿಗಷ್ಟೇ ಔಷಧಿ ಎಂದರು.

ನಾನು ಹೋದರೆ ಭಾವ ಈಗ ಬಾಗಿಲು ತೆರೆದು ಒಳಗೆ ಹೋಗಿಬಿಡುತ್ತಾರೆ. ಅಕ್ಕ ಮಾತಾಡುತ್ತಾಳೆ.

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲೇ,” ಎಂದಳು ಒಂದು ಸಂಜೆ.

“ಕೇಳಿದ್ರೆ ಏನ್ ಹೇಳ್ತಿದ್ದೆ?”

“ಬಾಯಿ ಮುಚ್ಕೊಂಡಿರು ಅಂತಿದ್ದೆ.”

“ಅವು ಕೆಟ್ಟಿದ್ದಿದ್ರೆ?”

“ಕೆಟ್ಟಿರಲಿಲ್ಲವಲ್ಲ.” ಗೋಡೆಯ ಕಡೆ ಮಗ್ಗುಲಾದಳು. “ನೀನು ಮಾಡಿದ್ದು ತಪ್ಪು ಅಂತ ಯಾರೂ ಅನ್ನಲ್ಲ ಬಿಡು. ಬೈಯೋಣ ಅಂದ್ರೆ ಅದಕ್ಕೂ ಜಾಗ ಇಟ್ಟಿಲ್ಲ ನೀನು.”

ನಾನು ಅವಳ ಕಾಲಿನ ಮೇಲೆ ಹೊದಿಕೆ ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು.

“ಆ ಇನ್ನೊಂದು ಚೀಲ ಏನಾಯ್ತು?” ಅವಳೇ ಕೇಳಿದಳು.

“ಅಲ್ಲೇ ಇದೆ ಅಕ್ಕ. ಫ್ರೀಜರಿನಲ್ಲಿ. ಚೆನ್ನಾಗಿದೆ.”

“ಚೆನ್ನಾಗಿರಲಿ,” ಎಂದಳು ಗೋಡೆಗೆ. “ನಮ್ಮನೆಯವ್ರು ಯಾರಾದ್ರೂ ಚೆನ್ನಾಗಿರಬೇಕಲ್ಲ.”