ಅದುಮಿದ ಮಣ್ಣು

"ಏಯ್ ಮುದ್ಕ, ಮೊಣಕಾಲೂರಿ ಜಪ ಮಾಡೋಕೆ ಇದೇನು ನಿಮ್ಮಪ್ಪನ ಚರ್ಚಾ? ಬೇಗ ಗಿಡ ನೆಡೋ. ಮೇಡಂ ಹನ್ನೊಂದಕ್ಕೆ ಬರ್ತಾರೆ!"

ಮೇಸ್ತ್ರಿ ದಿದಿಯೆ ಕೂಗಿದ. ನಾನು ಜಪ ಮಾಡುತ್ತಿರಲಿಲ್ಲ. ಮೇಲಿನ ಗೇಣುದ್ದ ಕರಿಮಣ್ಣು ಮುಗಿದು ಗುದ್ದಲಿ ಗಟ್ಟಿ ಜೇಡಿಗೆ ತಾಗಿ ಅಲ್ಲೇ ನಿಂತಿತ್ತು. ಕೈಯಿಂದ ಕೆರೆಯುತ್ತಿದ್ದೆ.

ಪಕ್ಕದ ಫಲಕದಲ್ಲಿ ಜುಲೈ ನೆರೆಯಲ್ಲಿ ಸತ್ತ ಮೂವರ ಹೆಸರಿತ್ತು; ಗಿಡ ಅವರ ನೆನಪಿಗೆ. ನಡುವಿನದು ಜುಲ್ಮೀರಾ, ನನ್ನ ಹೆಂಡತಿ.

ಕಳೆದ ವರ್ಷ ಈ ಚೌಕದ ಟಾರು ಕಿತ್ತು, ಮಳೆನೀರು ಇಂಗುವ ತೋಟ ಮಾಡಿದವರು ನಾವೇ. ಕೆಳಗಿನ ಬೀದಿ ಮುಳುಗಬಾರದು, ಜನ ನೆರಳಲ್ಲಿ ಕೂರಬೇಕು ಎಂದು. ನಕ್ಷೆಯ ಪ್ರಕಾರ ಎದೆಮಟ್ಟದ ಗುಂಡಿ, ತಳಕ್ಕೆ ಜಲ್ಲಿ, ಮೇಲೆ ಮರಳು, ಆಮೇಲೆ ಸಡಿಲ ಮಣ್ಣು. ಅದರ ಮೇಲೆ ಕಾಲನ್ನೂ ಇಡಬಾರದು, ಅದುಮಿದರೆ ನೀರು ಇಂಗದು. ಉದ್ಘಾಟನೆ ಹತ್ತಿರ ಬಂತು, ಜಲ್ಲಿ ಬರಲಿಲ್ಲ. ದಿದಿಯೆ ಹಳೆಯ ರಸ್ತೆಯಡಿಯ ಜೇಡಿಮಣ್ಣನ್ನೇ ತುಂಬಿಸಿ, "ಕುಟ್ಟು" ಎಂದ.

"ಇದ್ರಲ್ಲಿ ನೀರು ಇಂಗಲ್ಲ ಸ್ವಾಮಿ," ಎಂದೆ, ಒಂದೇ ಸಲ.

"ಬೋಳಿಮಗ್ನೆ, ಪೋರ್ಚುಗಲ್ಲಿಂದ ಬಂದು ನಂಗೆ ಮಣ್ಣು ಕಲಿಸ್ತೀಯಾ?"

ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನೆಲ ಕುಟ್ಟುವ ಯಂತ್ರ ಹಿಡಿದೆ. ಚೆನ್ನಾಗಿಯೇ ಕುಟ್ಟಿದೆ.

ಜುಲೈ ಮಳೆ ತೋಟದಲ್ಲಿ ಇಂಗದೆ ಚೌಕದ ಮೆಟ್ಟಿಲಿಳಿದು ಕೆಳಗಿನ ಬೀದಿಗೆ ಹೋಯಿತು. ನಮ್ಮದು ಆ ಬೀದಿಯಲ್ಲೇ ನೆಲಮಾಳಿಗೆಯ ಕೋಣೆ. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಹೊರಗಿನಿಂದ ನೀರು ಒತ್ತಿದರೆ ಒಳಗಿನವರು ತೆರೆಯಲಾರರು. ಒಳಗೆ ಜುಲ್ಮೀರಾ ಒಬ್ಬಳೇ. ನಾನು ಚರ್ಚಿನಲ್ಲಿ, ಸಂಜೆಯ ಬಲಿಪೂಜೆಯಲ್ಲಿದ್ದೆ. ಮಳೆ ಜೋರಾದದ್ದು ಕೇಳಿಸಿತ್ತು. ಆದರೂ ಪರಮಪ್ರಸಾದ ತೆಗೆದುಕೊಂಡೇ ಎದ್ದೆ.

ಜೊತೆಗೆ ದುಡಿಯುವ ಮೊರಾಕ್ಕೋದ ಇದಿರ್ ಬಗ್ಗಿ ಪಿಸುಗುಟ್ಟಿದ. "ಅಜ್ಜ, ಇವತ್ತು ಬಾಯಿ ಬಿಡಬ್ಯಾಡ. ಜೇಡಿ ಸುರ್ದೋನು ನಾನು. ಮನೇಲಿ ಮೂರು ಮಕ್ಕಳು."

"ಪಾದ್ರಿ ಹತ್ರ ಹೇಳ್ಕೊಂಡೆ ಕಣೋ. ದೇವ್ರು ಕ್ಷಮಿಸಿದಾನೆ ಅಂದ್ರು."

"ಮತ್ತಿನ್ನೇನು?"

"ಜುಲ್ಮೀರಾ ಅಂದಿಲ್ಲ."

ಹನ್ನೊಂದಕ್ಕೆ ನಗರಸಭೆಯ ಮೇಡಂ ಬಂದರು, ಹಿಂದೆ ಕ್ಯಾಮೆರಾದವರು. ದಿದಿಯೆ ನನ್ನನ್ನು ಮುಂದಕ್ಕೆ ತಳ್ಳಿದ. "ಇವ್ರ ಹೆಸ್ರು ಅಡೆರಿತು, ಪಾಪ. ಹೆಂಡ್ತಿ ಹೋದ್ರೂ ಕೆಲ್ಸ ಬಿಟ್ಟಿಲ್ಲ."

"ಪ್ರಕೃತಿ ಮುಂದೆ ನಾವೆಲ್ಲ ಚಿಕ್ಕೋರು, ಯಜಮಾನ್ರೇ," ಎಂದು ಮೇಡಂ ಪುಟ್ಟ ನೀರಿನ ಡಬ್ಬಿ ಕೊಟ್ಟರು. "ಮೊದಲ ನೀರು ನೀವೇ ಹಾಕಿ."

ಡಬ್ಬಿ ಕೆಳಗಿಟ್ಟೆ. ಪಕ್ಕದಲ್ಲಿ ನಿಂತಿದ್ದ ನೀರಿನ ಲಾರಿಯ ನಲ್ಲಿ ಪೂರ್ತಿ ತಿರುಗಿಸಿ, ಪೈಪು ಎಳೆದು ತಂದು ಆಗಷ್ಟೇ ನೆಟ್ಟ ಗಿಡದ ಬುಡಕ್ಕೆ ಹಿಡಿದೆ.

"ಪ್ರಕೃತಿ ಅಲ್ಲ ತಾಯಿ. ನೋಡ್ತಿರಿ."

ಪಾತಿ ತುಂಬಿತು. ಒಂದು ಬೊಗಸೆಯಷ್ಟೂ ಒಳಗಿಳಿಯಲಿಲ್ಲ. ನೀರು ಮೇಡಂ ಬೂಟು ದಾಟಿ ಮೆಟ್ಟಿಲಿನತ್ತ ಹೊರಟಿತು.

"ಅಡೀಲಿ ಜಲ್ಲಿ ಇಲ್ಲ, ಜೇಡಿ. ಕುಟ್ಸಿದೋನು ಇವ್ನು. ಕುಟ್ಟಿದೋನು ನಾನು."

"ಇದಿರ್! ನಲ್ಲಿ ಮುಚ್ಚೋ, ಸೂಳೆಮಗ್ನೆ!" ದಿದಿಯೆ ಅರಚಿದ.

ಇದಿರ್ ಓಡಿಹೋಗಿ ನಲ್ಲಿಯ ಮೇಲೆ ಕೈಯಿಟ್ಟ. ಕೆಳಗಿನ ಬೀದಿಯಿಂದ ಯಾವುದೋ ಹೆಂಗಸು, "ಅಯ್ಯೋ, ಮತ್ತೆ ನೀರು!" ಎಂದು ಕಿರುಚಿದಳು. ಇದಿರ್ ನನ್ನನ್ನೇ ನೋಡುತ್ತಿದ್ದ. ನಲ್ಲಿ ತಿರುಗಿಸಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಕ್ಯಾಮೆರಾ ಅವನತ್ತ ತಿರುಗಿತು.